ಮೊಣಕಾಲೂರಿದವಳು, ಸೊಂಟದ ಮೇಲೆ ಕೈಯಿಟ್ಟವಳು

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿರುವ ಎರಡು ಸ್ತ್ರೀಶಿಲ್ಪಗಳನ್ನು ಜೊತೆಗಿಟ್ಟು ನೋಡಿದರೆ, ಅವನ್ನು ರೂಪಿಸಿದವರು ಓರಗೆಯವರೆಂದು ನಂಬುವುದೇ ಕಷ್ಟವಾಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ಲೇಮ್‌ಬ್ರುಕ್ ಹುಟ್ಟಿದ್ದು 1881ರಲ್ಲಿ. ಪ್ಯಾರಿಸ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗ್ಯಾಸ್ಟನ್ ಲಶೇಜ್ 1882ರಲ್ಲಿ. ಮೊದಲಿನವರ ‘ಮೊಣಕಾಲೂರಿದ ಸ್ತ್ರೀ’ 1911ರದು, ಎರಡನೆಯವರ ‘ನಿಂತ ಸ್ತ್ರೀ’ 1932ರದು. ಇಬ್ಬರೂ ಹೆಣ್ಣಿನ ಸಹಜ ಪ್ರಮಾಣವನ್ನು ಮುರಿದಿದ್ದಾರೆ, ಆದರೆ ಒಬ್ಬರು ಮೈಯನ್ನು ಎಳೆದು ನೀಳವಾಗಿಸಿದರೆ ಇನ್ನೊಬ್ಬರು ಅದನ್ನು ಉಬ್ಬಿಸಿದ್ದಾರೆ.

ಲೇಮ್‌ಬ್ರುಕ್ ಅವರ ಶಿಲ್ಪ ಮೊಣಕಾಲೂರಿದ ಭಂಗಿಯಲ್ಲಿಯೇ ಸುಮಾರು 176 ಸೆಂಟಿಮೀಟರ್ ಎತ್ತರವಿದೆ, ಅಂದರೆ ಅದು ನೋಡುವವರ ಎತ್ತರಕ್ಕೆ ಹತ್ತಿರದ್ದು. ಅವಳೇನಾದರೂ ಎದ್ದು ನಿಂತರೆ ನಾವು ಕತ್ತೆತ್ತಿ ನೋಡಬೇಕಾದೀತು ಎಂಬ ಅರಿವು ಆ ಭಂಗಿಗೆ ವಿಚಿತ್ರವಾದ ಘನತೆಯನ್ನು ತರುತ್ತದೆ. ತೊಡೆ, ಮುಂಡ, ಕತ್ತು ಎಲ್ಲವೂ ನೀಳ. ತಲೆ ಬಾಗಿದೆ, ಒಂದು ಕೈ ಎದೆಯ ಬಳಿಗೆ ಏಳುತ್ತಲೇ, ಹೇಳಹೊರಟ ಮಾತು ನಾಲಿಗೆಯಲ್ಲಿಯೇ ನಿಂತಂತೆ, ತಡೆದಿದೆ. ಇಲ್ಲಿ ಬಳಸಿರುವುದು ಎರಕ ಹೊಯ್ದ ಕೃತಕ ಕಲ್ಲು. ಅದರ ಮಂಕು ಮೇಲ್ಮೈ ಬೆಳಕನ್ನು ಪ್ರತಿಫಲಿಸದೆ ಹೀರಿಕೊಳ್ಳುವುದರಿಂದ, ಕಣ್ಣು ಎಲ್ಲಿಯೂ ಜಾರದೆ ಮೈಯ ಗೆರೆಯನ್ನೇ ಹಿಡಿದು ನಿಧಾನವಾಗಿ ಸಾಗುತ್ತದೆ. ಬಾಗಿದ ತಲೆ ಮತ್ತು ಮೌನ, ದುಃಖಕ್ಕೆ ಕಲೆಯಲ್ಲಿ ಬಹುಕಾಲದಿಂದ ಸಿದ್ಧವಿರುವ ಗುರುತುಗಳು, ಮತ್ತು ಈ ಶಿಲ್ಪ ಅಷ್ಟಕ್ಕೇ ನಿಂತಿದ್ದರೆ ಭಾವುಕತೆಗೆ ಇಳಿಯುತ್ತಿತ್ತು. ಅದನ್ನು ಕಾಪಾಡಿರುವುದು ಕಾಲುಗಳು ಎಂಬುದು ನನ್ನ ಅಭಿಪ್ರಾಯ: ಒಂದು ನೆಲಕ್ಕೆ ಊರಿ, ಇನ್ನೊಂದು ಮಡಚಿಕೊಂಡು ನೆಟ್ಟಗೆ ನಿಂತು, ಇಡೀ ಆಕೃತಿಗೆ ಕಟ್ಟಡದ ಚೌಕಟ್ಟಿನಂಥ ಬಿಗುವನ್ನು ಕೊಡುತ್ತವೆ.

ಲೇಮ್‌ಬ್ರುಕ್ ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನ ಸೈನಿಕ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡರು. 1919ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಈ ಸಂಗತಿ ತಿಳಿದವರು ಶಿಲ್ಪದ ತಲೆಬಾಗಿನಲ್ಲಿ ಆ ಸಾವಿನ ಮುನ್ಸೂಚನೆಯನ್ನು ಹುಡುಕುವುದುಂಟು. ಅದು ಸಲ್ಲದ ಓದು. ಈ ಕೃತಿ ಹುಟ್ಟಿದ್ದು ಯುದ್ಧಕ್ಕೆ ಮೂರು ವರ್ಷ ಮೊದಲು, ಪ್ಯಾರಿಸ್ಸಿನಲ್ಲಿ, ಕಲಾವಿದ ತನ್ನದೇ ಆದ ರೂಪಭಾಷೆಯನ್ನು ಕಂಡುಕೊಳ್ಳುತ್ತಿದ್ದ ದಿನಗಳಲ್ಲಿ.

ಲಶೇಜ್ ಅವರ ಹೆಂಗಸಿಗೆ ಯಾವ ಸಂಕೋಚವೂ ಇಲ್ಲ. ಸುಮಾರು 223 ಸೆಂಟಿಮೀಟರ್ ಎತ್ತರದ ಈ ಕಂಚಿನ ಆಕೃತಿ, ನಮ್ಮ ಶಿಲ್ಪಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಹೆಚ್ಚುಕಡಿಮೆ ಸಮಭಂಗದಲ್ಲಿ, ಅಂದರೆ ಎರಡೂ ಕಾಲುಗಳ ಮೇಲೆ ಸಮನಾಗಿ ಭಾರವಿಟ್ಟು ನೆಟ್ಟಗೆ ನಿಂತು, ಕೈಗಳನ್ನು ಸೊಂಟದ ಮೇಲಿಟ್ಟು, ನೇರವಾಗಿ ಎದುರು ನೋಡುತ್ತದೆ. ಭುಜ, ಸ್ತನ, ನಿತಂಬಗಳ ತುಂಬು ಉಬ್ಬುಗಳ ನಡುವೆ ಸೊಂಟ ಸಣ್ಣಗೆ ಹಿಡಿದಿದೆ. ಕೆಳಗಿಳಿದಂತೆ ಎಲ್ಲವೂ ಮೊನಚಾಗುತ್ತ ಪಾದಗಳಲ್ಲಿ ಮುಗಿಯುತ್ತದೆ. ಇಷ್ಟು ಭಾರವನ್ನು ಮೇಲಿಟ್ಟೂ ಕೃತಿ ಕುಸಿದಂತೆ ಕಾಣದಿರುವುದು ಈ ಇಳಿಜೋಡಣೆಯಿಂದ. ಎದುರಿನಿಂದ ನೋಡಿ ಹೊರಟುಹೋಗುವವರಿಗೆ ಅದು ಬರೀ ಗಾತ್ರವೆನಿಸಬಹುದು, ಸುತ್ತ ನಡೆದವರಿಗೆ ಮಾತ್ರ ಕಂಚಿನ ನುಣುಪಿನ ಮೇಲೆ ಬೆಳಕು ಒಂದು ಉಬ್ಬಿನಿಂದ ಇನ್ನೊಂದಕ್ಕೆ ಹರಿಯುವುದು ಕಾಣುತ್ತದೆ.

ಈ ಆಕೃತಿಯ ಹಿಂದೆ ಇಸಬೆಲ್ ನೇಗಲ್ ಇದ್ದಾರೆ. ತನಗಿಂತ ಸುಮಾರು ಹತ್ತು ವರ್ಷ ಹಿರಿಯರಾದ ಅವರನ್ನು ಪ್ಯಾರಿಸ್ಸಿನಲ್ಲಿ ಕಂಡು, ಅವರಿಗಾಗಿ 1906ರಲ್ಲಿ ಅಮೆರಿಕಕ್ಕೆ ಹೋದ ಲಶೇಜ್, 1917ರಲ್ಲಿ ಮದುವೆಯಾದರು. ಜೀವನವಿಡೀ ಆ ಒಬ್ಬರ ಸ್ಫೂರ್ತಿಯಿಂದಲೇ ಕೆಲಸ ಮಾಡಿದ್ದರ ಫಲವೂ ಮಿತಿಯೂ ಇಲ್ಲಿವೆ. ಮೈಗೆ ದೊರೆತಷ್ಟು ಗಮನ ಮುಖಕ್ಕೆ ದೊರೆತಿಲ್ಲ. ಅದು ಮುಖವಾಡಕ್ಕೆ ಹತ್ತಿರವಾಗಿದೆ, ಮತ್ತು ಒಬ್ಬ ವ್ಯಕ್ತಿಗಿಂತ ಒಬ್ಬ ಆರಾಧಕನ ಕಣ್ಣೇ ನಮಗೆ ಹೆಚ್ಚು ಎದುರಾಗುತ್ತದೆ. 1912ರಲ್ಲಿ ಆರಂಭಿಸಿ 1927ರಲ್ಲಿ ಕಂಚಿಗೆ ತಂದ, ತುದಿಗಾಲಿನಲ್ಲಿ ತೇಲುವಂತೆ ನಿಂತಿರುವ ಅವರದೇ ಹಳೆಯ ಸ್ತ್ರೀಮೂರ್ತಿ ಈ ದೃಷ್ಟಿಯಿಂದ ಹೆಚ್ಚು ಸೂಕ್ಷ್ಮವಾದುದೆಂದು ನಾನು ಭಾವಿಸುತ್ತೇನೆ.

ಎರಡೂ ಶಿಲ್ಪಗಳು ಒಂದೇ ಸಂಗ್ರಹವನ್ನು ಸೇರಿದ ದಾರಿಗಳೂ ಬೇರೆ. ಆ ಮ್ಯೂಸಿಯಂ 1935ರಲ್ಲಿ ಲಶೇಜ್ ಅವರ ಸಮಗ್ರ ಪ್ರದರ್ಶನವನ್ನು ಅವರು ಬದುಕಿರುವಾಗಲೇ ಏರ್ಪಡಿಸಿತು. ಅದೇ ವರ್ಷ ಅವರು ತೀರಿಕೊಂಡರು. ಲೇಮ್‌ಬ್ರುಕ್ ಅವರ ಮೊಣಕಾಲೂರಿದ ಸ್ತ್ರೀಯನ್ನು ನಾಜಿಗಳು 1937ರ ಮ್ಯೂನಿಕ್ ಪ್ರದರ್ಶನದಲ್ಲಿ ‘ಅವನತ ಕಲೆ’ಯೆಂದು ಹೀಯಾಳಿಸಿದರು. ಜರ್ಮನಿಯ ಸಂಗ್ರಹಾಲಯದಿಂದ ಹೊರಹಾಕಲಾದ ಪ್ರತಿಯನ್ನು 1939ರಲ್ಲಿ ನ್ಯೂಯಾರ್ಕ್ ಕೊಂಡುಕೊಂಡಿತು.

ಒಂದನ್ನೇ ನೋಡಲು ಸಮಯವಿರುವವರಿಗೆ ನಾನು ಸೂಚಿಸುವುದು ಲೇಮ್‌ಬ್ರುಕ್ ಅವರ ಕೃತಿಯನ್ನು. ಎರಡನ್ನೂ ನೋಡುವವರು ಲಶೇಜ್ ಅವರದರಿಂದ ತೊಡಗುವುದು ಒಳ್ಳೆಯದು, ಅದರಲ್ಲಿಯೂ ಬೆನ್ನ ಕಡೆಯಿಂದ, ಏಕೆಂದರೆ ಆ ಮುಖದ ದಿಟ್ಟ ನೋಟ ತಪ್ಪಿದಾಗಲೇ ಮೈಯ ರಚನೆ ಸ್ಪಷ್ಟವಾಗುತ್ತದೆ.