8 ಮಿ.ಮೀ. ಕೇರಂ ಬೋರ್ಡ್: ವೀಕ್ಷಣಾಲಯದ ಹಾಲ್‌ನಲ್ಲಿ ಬಾಳುತ್ತಾ?

ಮೊದಲೇ ಹೇಳಿಬಿಡುತ್ತೇನೆ, ಇದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಆಡುವವರಿಗೆ ಬರೆದ ರಿವ್ಯೂ ಅಲ್ಲ. ನಾನು ಬಳ್ಳಾರಿ ಕಡೆಯ ಒಂದು ಬಾಲಕರ ವೀಕ್ಷಣಾಲಯದಲ್ಲಿ ಗೃಹಪಾಲಕ. ಊರಲ್ಲಿ ಜನ ಇನ್ನೂ ರಿಮ್ಯಾಂಡ್ ಹೋಮ್ ಅಂತಲೇ ಕರೆಯುತ್ತಾರೆ. 18 ತುಂಬದ ಹುಡುಗರು ಯಾವುದಾದರೂ ಕೇಸಿನಲ್ಲಿ ಸಿಕ್ಕಿಕೊಂಡರೆ, ಬೇಲ್ ಆಗದಿದ್ದರೆ, ಬಾಲ ನ್ಯಾಯ ಮಂಡಳಿಯಲ್ಲಿ ವಿಚಾರಣೆ ನಡೆಯುವಷ್ಟು ದಿನ ಇಲ್ಲಿರುತ್ತಾರೆ. ಇಂಥ ಕಡೆ ಕೇರಂ ಬೋರ್ಡಿಗೆ ಬೀಳುವ ಏಟು ಬೇರೆಯೇ. ಹಾಸ್ಟೆಲ್ ವಾರ್ಡನ್‌ಗಳು, ಬಾಲಮಂದಿರದವರು ಬೋರ್ಡ್ ತಗೊಳ್ಳುವ ಮುಂಚೆ ಓದಿದರೆ ಉಪಯೋಗ ಆಗಬಹುದು.

ನಾವು ತಂದಿದ್ದು ಫುಲ್ ಸೈಜ್ ಬೋರ್ಡ್. ಆಡುವ ಜಾಗ 29 ಇಂಚು ಚೌಕ, ಪ್ಲೈ 8 ಮಿ.ಮೀ. ದಪ್ಪ, ಸುತ್ತ ಅಗಲವಾದ ಗಟ್ಟಿಮರದ ಪಟ್ಟಿ. ಬೆಂಗಳೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಆಟದ ಸಾಮಾನಿನ ಅಂಗಡಿಯಲ್ಲಿ ಮೂರು ಸಾವಿರದ ಒಳಗೆ ಸಿಕ್ಕಿತು. ಇದಕ್ಕೆ ಮುಂಚೆ ಇದ್ದದ್ದು 4 ಮಿ.ಮೀ.ದು. ಅದು ಯಾಕೆ ಬಂದಿತ್ತು ಅಂತ ಕೇಳಿದರೆ ಸರ್ಕಾರಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಮಕ್ಕಳಿಗೆ ಒಳಾಂಗಣ ಆಟ, ಹೊರಾಂಗಣ ಆಟ ಎರಡಕ್ಕೂ ಅವಕಾಶ ಇದೆ. ಪ್ಲೈ ಎಷ್ಟು ದಪ್ಪ ಇರಬೇಕು ಅಂತ ಯಾವ ನಿಯಮದಲ್ಲೂ ಬರೆದಿಲ್ಲವಲ್ಲ. ಕೊಟೇಶನ್ ಕರೆದರೆ ಕಡಿಮೆ ರೇಟಿನದ್ದೇ ಗೆಲ್ಲುತ್ತದೆ. ಆ ಬೋರ್ಡು ಒಂದು ಬೇಸಿಗೆ ಕಳೆಯುವುದರೊಳಗೆ ನಡುವೆ ತಗ್ಗಾಗಿ, ಹೊಡೆದ ಪಾನೆಲ್ಲ ತಾನಾಗೇ ಮಧ್ಯಕ್ಕೆ ಉರುಳಿಬರುತ್ತಿತ್ತು. ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇನಲ್ಲಿ 40 ದಾಟುತ್ತದೆ. ತೆಳು ಪ್ಲೈಯನ್ನು ಗೋಡೆಗೆ ಒರಗಿಸಿಟ್ಟರೆ ಮುಗಿಯಿತು.

ಹೊಸದು ಅಂಥಾ ಬಿಸಿಲಲ್ಲೂ ಬಗ್ಗಿಲ್ಲ. ಆದರೆ ನಾವು ಒರಗಿಸುವುದೇ ಇಲ್ಲ, ಮಲಗಿಸಿಯೇ ಇಡುತ್ತೇವೆ. ತೂಕ ಚೆನ್ನಾಗಿದೆ. ಮನೆಗಾದರೆ ಇದು ತೊಂದರೆ, ನಮಗೆ ಇದೇ ಬೇಕಿತ್ತು. ಸೋತ ಸಿಟ್ಟಿನಲ್ಲಿ ಒಬ್ಬ ಹುಡುಗ ಬೋರ್ಡು ಎತ್ತಿ ಹಾಕೋಣ ಅಂದರೂ ಸುಲಭವಾಗಿ ಏಳುವುದಿಲ್ಲ, ಎತ್ತೋಕೆ ಹೆಣಗಾಡುವಾಗ ಉಳಿದವರು ನಗುತ್ತಾರೆ, ಅಲ್ಲಿಗೆ ಸಿಟ್ಟು ಇಳಿಯುತ್ತದೆ.

ಮೂಲೆಯ ಗುಂಡಿಗಳ ಬಗ್ಗೆ ಒಂದು ಮಾತು. ದಾರದ ಬಲೆ ಇರುವ ಬೋರ್ಡು ನೋಡೋಕೆ ಚಂದ. ತಗೋಬೇಡಿ. ಹಳೆಯದರಲ್ಲಿ ಹಾಗಿತ್ತು, ನಾಲ್ಕು ಬಲೆಯನ್ನೂ ಎಳೆ ಎಳೆಯಾಗಿ ಬಿಚ್ಚಿ ಹುಡುಗರು ಮಣಿಕಟ್ಟಿಗೆ ಹೆಣೆದುಕೊಂಡಿದ್ದರು. ಅಷ್ಟಕ್ಕೇ ನಿಂತರೆ ಸರಿ, ಆದರೆ ಇಂಥ ಕಡೆ ಗಟ್ಟಿ ನೈಲಾನ್ ದಾರ ಕೈಗೆ ಸಿಗುವಂತಿರಬಾರದು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಬಟ್ಟಲಿನಂಥ ಪಾಕೆಟ್ ಇರುವುದನ್ನೇ ಕೇಳಿ. ಬೋರ್ಡಿನ ಅಡಿಯಲ್ಲಿ ಸ್ಕ್ರೂಗಳು ಬಿಗಿಯಾಗಿವೆಯಾ ಅಂತಲೂ ಅಂಗಡಿಯಲ್ಲೇ ತಿರುಗಿಸಿ ನೋಡಿ. ನಮ್ಮದರಲ್ಲಿ ಎರಡು ಸಡಿಲ ಇದ್ದವು, ಅಂಗಡಿಯವರು ಅಲ್ಲೇ ಬಿಗಿ ಮಾಡಿಕೊಟ್ಟರು.

ಇನ್ನು ಪಾನುಗಳು. ಇದು ನಿಜವಾದ ವಿಷಯ. ಕರಿ 9, ಬಿಳಿ 9, ಕೆಂಪು 1, ಜೊತೆಗೆ ಸ್ಟ್ರೈಕರ್. ಸಂಜೆ ಡ್ಯೂಟಿ ಬದಲಾಗುವಾಗ ಹುಡುಗರ ತಲೆ ಎಣಿಸಿದ ಮೇಲೆ ಇವನ್ನೂ ಎಣಿಸಿ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಹೊರಗಿನವರಿಗೆ ನಗು ಬರಬಹುದು. ಬೋರ್ಡಿನ ಜೊತೆ ಬಂದ ಮರದ ಪಾನು ಚೆನ್ನಾಗಿವೆ, ಅಂಚು ಒಡೆದಿಲ್ಲ. ಆದರೆ ಯಾವ ಕಂಪನಿಯದೇ ಆಗಲಿ, ಕಳೆದುಹೋಗುವುದು ಕೆಂಪು. ಕರಿದು, ಬಿಳಿದು ಹೋದರೆ ಆಟ ಹೇಗೋ ನಡೆಯುತ್ತದೆ. ರೆಡ್ ಹೋದರೆ ನಿಲ್ಲುತ್ತದೆ. ರೆಡ್ ಯಾರ ಜೇಬಿನಲ್ಲಿದೆಯೋ ಆವತ್ತು ಅವನೇ ಹಾಲ್‌ನ ಯಜಮಾನ. ಹೊಸದಾಗಿ ಕೆಲಸಕ್ಕೆ ಬಂದವರು ಇಲ್ಲಿ ಜೋರು ಮಾಡಿ ಎಲ್ಲರ ಜೇಬು ತಡಕುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ನೀರಿನ ಬಾಟಲಿ ಮುಚ್ಚಳ ಒಂದನ್ನು ನಡುವೆ ಇಟ್ಟು, "ಇದೇ ರೆಡ್ಡು, ಆಡ್ರಪ್ಪಾ" ಅನ್ನುತ್ತೇನೆ. ಆಟ ಮತ್ತೆ ಶುರುವಾಗುತ್ತದೆ. ಜೇಬಿನಲ್ಲಿರುವ ರೆಡ್‌ಗೆ ಆಮೇಲೆ ಬೆಲೆ ಏನು? ರಾತ್ರಿ ಊಟದ ಹೊತ್ತಿಗೆ ಅದು ಕಿಟಕಿ ಮೇಲೋ, ಕುಡಿಯುವ ನೀರಿನ ಡ್ರಮ್ಮಿನ ಹಿಂದೋ ಸಿಗುತ್ತದೆ. ಯಾರು ಇಟ್ಟರು ಅಂತ ನಾನು ಕೇಳುವುದಿಲ್ಲ.

ಪಾನು ಇಡೋಕೆ ಬೋರ್ಡಿನ ಜೊತೆ ಕೊಡುವ ರಟ್ಟಿನ ಡಬ್ಬಿ ಸುಮ್ನೆ ದಂಡ, ಒಂದು ವಾರಕ್ಕೆ ಹರಿಯುತ್ತದೆ. ಹೊರಗೆ ಜೀನ್ಸ್ ಹೊಲಿಯುವ ಕಡೆ ಕೆಲಸ ಕಲಿತಿದ್ದ ಒಬ್ಬ ಹುಡುಗ ಹಳೇ ಪ್ಯಾಂಟಿನ ಹಿಂದಿನ ಜೇಬು ಬಿಚ್ಚಿ ಒಂದು ಚೀಲ ಹೊಲಿದುಕೊಟ್ಟ. ಸೂಜಿ ನನ್ನ ಮುಂದೆಯೇ ತಗೊಂಡು ನನ್ನ ಮುಂದೆಯೇ ವಾಪಸ್ ಕೊಟ್ಟ, ಹೊಲಿಗೆ ಮಾತ್ರ ಎರಡು ಸಾಲು, ಅಂಗಡಿ ಪ್ಯಾಂಟಿನಷ್ಟೇ ನೇರ. ಬಳ್ಳಾರಿ ಜೀನ್ಸ್ ಅಂದರೆ ಸುಮ್ನೇನಾ.

ಸ್ಟ್ರೈಕರ್ ವಿಷಯದಲ್ಲಿ ಕಂಪನಿಯವರು ಜಿಪುಣತನ ಮಾಡಿದ್ದಾರೆ. ಜೊತೆಗೆ ಬಂದದ್ದು ಹಗುರ, ಅಂಚು ಬೇಗ ಚಕ್ಕೆ ಎದ್ದಿತು. ಚಕ್ಕೆ ಎದ್ದ ಸ್ಟ್ರೈಕರ್ ಬ್ಲೇಡಿನ ಹಾಗೆ, ಅದನ್ನು ಆ ದಿನವೇ ತೆಗೆದುಬಿಡಬೇಕು. ಬೇರೆ ಒಳ್ಳೆಯದು ತಗೊಳ್ಳಿ, ನಿಯಮದ ಪ್ರಕಾರ 15 ಗ್ರಾಂ ಮೀರಬಾರದು, ಅಷ್ಟರ ಹತ್ತಿರ ಇದ್ದರೆ ಸಾಕು. ಪೌಡರ್ ಕೂಡ ನೋಡಿ ತಗೊಳ್ಳಿ. ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಬೋರಿಕ್ ಪೌಡರ್. ಹೊಟ್ಟೆಗೆ ಹೋದರೆ, ಕಣ್ಣಿಗೆ ಬಿದ್ದರೆ ಒಳ್ಳೆಯದಲ್ಲ. ಪ್ಯಾಕೆಟ್ ಆಫೀಸಿನ ಬೀರುವಿನಲ್ಲಿರಲಿ, ಚಿಟಿಕೆ ಚಿಟಿಕೆ ಕೊಡಿ, ಆಟ ಮುಗಿದ ಮೇಲೆ ಕೈ ತೊಳೆಸಿ. ಒಗ್ಗರಣೆ-ಮಿರ್ಚಿ ಕೊಡುವ ದಿನ ಆಟಕ್ಕೆ ಮುಂಚೆಯೂ ತೊಳೆಸಬೇಕು, ಮಿರ್ಚಿ ಎಣ್ಣೆ ಕೂತರೆ ಯಾವ ಪೌಡರಿಗೂ ಪಾನು ಜಾರುವುದಿಲ್ಲ.

ಒಂದು ಬೋರ್ಡಿಗೆ ಇಷ್ಟೊಂದು ಯಾಕೆ ಬರೆಯುತ್ತಿದ್ದೀನಿ ಅಂದರೆ, ನನ್ನ ಕೆಲಸದಲ್ಲಿ ಇದಕ್ಕಿಂತ ಕೈಗೆ ಬರುವ ಸಾಮಾನು ಇನ್ನೊಂದಿಲ್ಲ. ನೆಂಟರು, ಪರಿಚಯದವರು ಸಿಕ್ಕರೆ "ಎರಡು ಬಿಟ್ರೆ ಸರಿ ಹೋಗ್ತಾರ್ರಿ" ಅಂತ ಉಪದೇಶ ಮಾಡುತ್ತಾರೆ. ಬಿಡುವ ಹಾಗಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 82ನೇ ಕಲಮಿನಲ್ಲಿ ಶಿಸ್ತಿನ ಹೆಸರಲ್ಲಿ ಹೊಡೆದ ಸಿಬ್ಬಂದಿಗೆ ಮೊದಲ ಸಲ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಜೈಲೂ ಇದೆ. ಕಾಯ್ದೆ ಇಲ್ಲದಿದ್ದರೂ ಹೊಡೆತ ತಿಂದೇ ಇಲ್ಲಿಗೆ ಬಂದ ಹುಡುಗನಿಗೆ ಇನ್ನೆರಡು ಹೊಡೆತ ಏನು ಕಲಿಸುತ್ತದೆ ಹೇಳಿ. ಹಾಗಾಗಿ ನನ್ನ ಕೈಯಲ್ಲಿ ಉಳಿಯುವುದು ಬಾಯಿ, ರಿಜಿಸ್ಟರ್, ಈ ಬೋರ್ಡು.

ಹೊಸ ಹುಡುಗ ಬಂದಾಗ ಒಂದೆರಡು ದಿನ ಗೋಡೆ ಕಡೆ ಮುಖ ಮಾಡಿ ಕೂರುತ್ತಾನೆ. ಊಟದ ತಟ್ಟೆ ಮುಟ್ಟುವುದಿಲ್ಲ. ಕೌನ್ಸೆಲರ್ ಮೇಡಂ ಎದುರು ಕೂರಿಸಿಕೊಂಡರೆ ಬರೀ ಹೂಂ, ಉಹೂಂ. ಆಮೇಲೆ ಯಾವಾಗಲೋ ಎದ್ದು ಬಂದು ಆಡುವವರ ಬೆನ್ನ ಹಿಂದೆ ನಿಲ್ಲುತ್ತಾನೆ. ಯಾರೋ ಒಬ್ಬ ಜರುಗಿ ಜಾಗ ಕೊಡುತ್ತಾನೆ. ಇಲ್ಲಿ ಒಬ್ಬ ತೆಲುಗಿನಲ್ಲಿ ಬೈದರೆ ಇನ್ನೊಬ್ಬ ಉರ್ದುವಿನಲ್ಲಿ ಬೈಯುತ್ತಾನೆ, ಕೇರಂಗೆ ಯಾವ ಭಾಷೆಯೂ ಬೇಕಿಲ್ಲ. ಎದುರು ಬದುರು ಕೂತರೂ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಎಲ್ಲರ ಕಣ್ಣೂ ಪಾನಿನ ಮೇಲೆ, ಮಾತು ಬರುವುದು ಆಗಲೇ. "ಸಾರ್, ನಂದು ಡೇಟ್ ಯಾವಾಗ್ರೀ?" ಅಂತ ಬೆರಳು ಸ್ಟ್ರೈಕರ್ ಮೇಲೆ ಇಟ್ಟುಕೊಂಡೇ ಕೇಳುತ್ತಾರೆ. ಮೊದಲ ಸಲ ಮಂಡಳಿ ಮುಂದೆ ಹಾಜರು ಮಾಡಿದ ದಿನದಿಂದ 4 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು, ಕಾರಣ ಬರೆದು ಇನ್ನು 2 ತಿಂಗಳು ಮುಂದೂಡಬಹುದು ಅಂತ ಕಾಯ್ದೆಯಲ್ಲಿದೆ. ಈ ಲೆಕ್ಕ ಹುಡುಗರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅಮ್ಮ ಯಾಕೆ ನೋಡೋಕೆ ಬಂದಿಲ್ಲ ಅನ್ನುವುದೂ ಹೀಗೇ, ಆಟದ ಮಧ್ಯೆ, ಹೊಡೆತ ತಪ್ಪಿದಾಗ ಹೊರಗೆ ಬೀಳುತ್ತದೆ. ಅದನ್ನು ಆಮೇಲೆ ಪರಿವೀಕ್ಷಣಾಧಿಕಾರಿ ಕಿವಿಗೆ ಹಾಕುತ್ತೇನೆ, ಅವರು ಮನೆ ಕಡೆ ಹೋಗಿ ವಿಚಾರಿಸಿ ಬರುತ್ತಾರೆ.

ತಪ್ಪು ಮಾಡಿದವನಿಗೆ ಆಟ ಬಂದ್ ಮಾಡಿ ಶಿಕ್ಷೆ ಕೊಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆಟದಿಂದ ಹೊರಗೆ ಹಾಕಿದ ಹುಡುಗ ಆ ಎರಡು ಗಂಟೆ ಎಲ್ಲಿರುತ್ತಾನೆ, ಏನು ಯೋಚನೆ ಮಾಡುತ್ತಾನೆ ಅಂತ ನೋಡಿಕೊಳ್ಳುವವನು ನಾನೇ ತಾನೇ.

ಅಂಗಡಿ ಬಗ್ಗೆ. ಯಜಮಾನರು ಮಾತು ಕಡಿಮೆ, ಸಾಮಾನು ಗೊತ್ತಿರುವವರು. "ಯಾವ ಸ್ಕೂಲಿಗೆ ಸಾರ್?" ಅಂದರು. ಹಾಸ್ಟೆಲ್‌ಗೆ ಅಂದೆ. ಅಲ್ಲಿ ನಿಂತಿದ್ದ ಗಿರಾಕಿಗಳ ಮುಂದೆ ನಮ್ಮ ಹುಡುಗರ ವಿಷಯ ಯಾಕೆ ಬೇಕು. ಜಿಎಸ್‌ಟಿ ಬಿಲ್ಲು ಕೇಳಿದ ತಕ್ಷಣ ಕೊಟ್ಟರು, ಆಟೋಗೆ ಹೇರಿಸಿಕೊಟ್ಟರು. ಡಿಸ್ಕೌಂಟ್ ಅಂತ ಕೇಳಿದ್ದಕ್ಕೆ ಒಂದು ಪ್ಯಾಕೆಟ್ ಪೌಡರ್ ಕೈಗಿಟ್ಟರು, ಅಷ್ಟೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಸ್ಟ್ರೈಕರಿಗೆ. ಮಡಚುವ ಕಬ್ಬಿಣದ ಸ್ಟ್ಯಾಂಡನ್ನು ಕೇಳದೇ ಬಿಲ್ಲಿಗೆ ಸೇರಿಸುತ್ತಾರೆ, ನಮ್ಮಂಥ ಕಡೆಗೆ ತರುವುದಾದರೆ ಅದು ಬೇಡ ಅಂತ ಮೊದಲೇ ಹೇಳಿ, ಅದರ ಪೈಪು ಎಳೆದರೆ ಕೈಗೇ ಬರುತ್ತದೆ. ನಾವು ಹಾಲಿನ ಸಿಮೆಂಟ್ ಕಟ್ಟೆ ಮೇಲೆ ಗೋಣಿಚೀಲ ಮಡಚಿ ಹಾಸಿ ಬೋರ್ಡು ಇಟ್ಟಿದ್ದೇವೆ, ಅಲುಗಾಡುವುದಿಲ್ಲ.