ಸೊಂಟ ಹಿಡಿದಾಗ: ಕರೆಂಟಿನ ಬ್ಯಾಗೋ, ಉಪ್ಪಿನ ಗಂಟೋ, ರಬ್ಬರ್ ಬ್ಯಾಗೋ?

20 ಲೀಟರ್ ನೀರಿನ ಕ್ಯಾನ್ ಎತ್ತಲು ಬಗ್ಗಿದೆ, ಅಷ್ಟೇ. ಸೊಂಟ ಹಿಡಿದುಕೊಂಡಿತು. ನಾಲ್ಕು ದಿನ ಗೋಡೆ ಹಿಡಿದು ನಡೆದೆ. ಅಷ್ಟರಲ್ಲಿ ಮೂರು ಥರ ಶಾಖ ಕೊಟ್ಟು ನೋಡಿದೆ. ಗೆದ್ದದ್ದು ಬಿಸಿನೀರು ತುಂಬುವ ಹಳೇ ಕಾಲದ ರಬ್ಬರ್ ಬ್ಯಾಗ್.

ದುಡ್ಡು ಕಳೆದುಕೊಂಡದ್ದು ಕರೆಂಟಿನ ಬ್ಯಾಗಿನಲ್ಲಿ, ₹450. ಒಳಗೆ ನೀರಿರುತ್ತದೆ; ಪ್ಲಗ್ಗಿಗೆ ಹಾಕಿ, ದೀಪ ಆರಿದ ಮೇಲೆ ವೈರ್ ಕಿತ್ತು ಬಳಸಬೇಕು. ಬಿಸಿಯೇನೋ ಚೆನ್ನಾಗಿಯೇ ಆಗುತ್ತದೆ. ಆದರೆ ನನ್ನ ರೂಮಿನ ಪ್ಲಗ್ ಪಾಯಿಂಟ್ ಇರುವುದು ಮಂಚದ ಹಿಂದೆ, ನೆಲದಿಂದ ಒಂದೇ ಅಡಿ ಮೇಲೆ. ಸೊಂಟ ಬಗ್ಗದವನು ಸೊಂಟಕ್ಕೆ ಶಾಖ ಕೊಡಲು ಬಗ್ಗಬೇಕು!

ಎಕ್ಸ್‌ಟೆನ್ಷನ್ ಬೋರ್ಡ್ ತಂದು ಮೇಜಿನ ಮೇಲಿಟ್ಟೆ. ಆಗ ವೈರಿನ ತುದಿ ಬ್ಯಾಗಿಗೆ ಗಟ್ಟಿಯಾಗಿ ಕೂರುವುದಿಲ್ಲ ಎಂದು ಗೊತ್ತಾಯಿತು. ಹತ್ತು ನಿಮಿಷ ಕಾದು ಮುಟ್ಟಿದರೆ ತಣ್ಣಗೆ. ಮತ್ತೆ ಒತ್ತು, ಮತ್ತೆ ಕಾಯಿ. ಮೂರನೇ ದಿನ ಒಂದು ಮೂಲೆಯಲ್ಲಿ ಜಿನುಗತೊಡಗಿತು. ಕರೆಂಟು, ನೀರು ಎರಡೂ ಒಟ್ಟಿಗೆ ಯಾಕಪ್ಪಾ ಎಂದು ಅಟ್ಟಕ್ಕೆ ಹಾಕಿದೆ.

ಉಪ್ಪಿನ ಗಂಟು ಅಜ್ಜಿಯ ಕಾಲದ್ದು. ಕಲ್ಲುಪ್ಪು ಹುರಿದು ಹತ್ತಿ ಬಟ್ಟೆಯಲ್ಲಿ ಕಟ್ಟಿ ಒತ್ತಿದರೆ ಹಾಯೆನಿಸುತ್ತದೆ, ನಿಜ. ಆದರೆ ಬೇಗ ಆರುತ್ತದೆ, ಬೆನ್ನಿಗೆ ಒತ್ತಲು ಇನ್ನೊಬ್ಬರ ಕೈ ಬೇಕು. ನಾನಿರುವುದು ಒಬ್ಬನೇ.

ರಬ್ಬರ್ ಬ್ಯಾಗ್ ಮೆಡಿಕಲ್ ಶಾಪಿನಲ್ಲಿ ₹280. ಕುದಿಯುವ ನೀರು ಹಾಕಬಾರದು. ಮುಕ್ಕಾಲು ಭಾಗದೊಳಗೆ ತುಂಬಿ, ಗಾಳಿ ಹಿಂಡಿ ತೆಗೆದು, ಮುಚ್ಚಳ ತಿರುಗಿಸಿ, ಟವೆಲ್ ಸುತ್ತಿ 15–20 ನಿಮಿಷ. ಕರೆಂಟ್ ಹೋದರೂ ಗ್ಯಾಸ್ ಇದೆಯಲ್ಲ!

ಆದರೆ ಶಾಖ ಸಡಿಲ ಮಾಡುವುದು ಬಿಗಿದುಕೊಂಡ ಸ್ನಾಯುವನ್ನು ಮಾತ್ರ. ನರ ಒತ್ತಿಕೊಂಡಿದ್ದರೆ ನೋವು ಸೊಂಟದಿಂದ ಕಾಲಿಗೆ ಎಳೆಯುತ್ತದೆ, ಜೋಮು ಹಿಡಿಯುತ್ತದೆ. ನನಗೂ ಎಡಗಾಲಿಗೆ ಸ್ವಲ್ಪ ಎಳೆದಿತ್ತು. ಅದಕ್ಕೆ ಈ ಮೂರು ಥರದ ಶಾಖಕ್ಕಿಂತ ಜಾಸ್ತಿ ಆರಾಮ ಕೊಟ್ಟದ್ದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದ್ದು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದ್ದು. ಸುಮ್ನೆ ಮಲಗೇ ಇದ್ದ ಮೊದಲ ದಿನ ಇನ್ನೂ ಬಿಗಿದಿತ್ತು. ಕಾಲು ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಮನೆಮದ್ದು ಬೇಡ, ಆಗಲೇ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಜನ ಇದ್ದರೆ ಉಪ್ಪಿನ ಗಂಟು ಸಾಕು, ಖರ್ಚೂ ಇಲ್ಲ. ನನ್ನಂಥವರಿಗೆ ರಬ್ಬರ್ ಬ್ಯಾಗೇ ಸರಿ. ಅಂದ ಹಾಗೆ, ಈಗ ಕ್ಯಾನ್ ಎತ್ತುವುದಿಲ್ಲ. ನೀರು ತರುವ ಹುಡುಗನೇ ಒಳಗಿಟ್ಟು ಹೋಗುತ್ತಾನೆ, ₹200ರ ಕೈಪಂಪು ಸಿಕ್ಕಿಸಿದ್ದೇನೆ.