‘ಮನೆಗೆ ಹೋದ್ಮೇಲೆ ತಿನ್ನತ್ತೆ ಸಾರ್’ ಅಂದರೆ ಆ ಕಾಪರ್‌ಬ್ಯಾಂಡ್ ತರಬೇಡಿ

ಉಪ್ಪುನೀರಿನ ಟ್ಯಾಂಕ್ ಇಟ್ಟವರ ಕಣ್ಣು ಒಂದಲ್ಲ ಒಂದು ದಿನ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನಿನ ಮೇಲೆ ಬಿದ್ದೇ ಬೀಳುತ್ತದೆ. ಬಿಳಿ ಮೈಗೆ ಕಿತ್ತಳೆ ಪಟ್ಟೆ, ಇಕ್ಕಳದಂಥ ಉದ್ದ ಮೂತಿ. ಕಲ್ಲಿನ ಮೇಲೆ ಹಬ್ಬಿದ ಏಪ್ಟೇಸಿಯಾವನ್ನು, ಅಂದರೆ ಕಳೆಯಂತೆ ಹರಡುವ ಹೂವಿನಂಥ ಕಡಲಜೀವಿಯನ್ನು, ತಿಂದು ಮುಗಿಸುತ್ತದೆ ಅನ್ನೋ ಆಸೆ ಬೇರೆ. ಬೆಂಗಳೂರಿನ ಬನಶಂಕರಿ ಕಡೆಯ ಒಂದು ಮನೆಗೆ ಹೋದ ಇಂಥದೇ ಮೀನು ಮೂರನೇ ವಾರ ಹಸಿವಿನಿಂದ ಸತ್ತುಹೋಯಿತು. ತರುವಾಗ ‘ಏನು ತಿನ್ನತ್ತೆ?’ ಅಂತ ಕೇಳಿದ್ದಕ್ಕೆ ಅಂಗಡಿಯಲ್ಲಿ ಸಿಕ್ಕ ಉತ್ತರ, ‘ಮೊನ್ನೆ ಬಂದಿರೋದು, ಮನೆಗೆ ಹೋದ್ಮೇಲೆ ತಿನ್ನತ್ತೆ ಸಾರ್.’ ಯಾವ ಅಂಗಡಿ ಅನ್ನೋದು ಇಲ್ಲಿ ಬೇಡ. ಈ ಮಾತನ್ನು ಯಾರೇ ಹೇಳಿದರೂ ನಂಬಬೇಡಿ.

ಆ ಮೀನಿಗೆ ಆದದ್ದು ಇಷ್ಟು. ಅಂಗಡಿಯ ನೀರು, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.018, ಅದರಲ್ಲಿ ತಾಮ್ರದ ಔಷಧಿ. ತಾಮ್ರ ಪರೋಪಜೀವಿಗಳನ್ನು ಕೊಲ್ಲುತ್ತದೆ ನಿಜ, ಆದರೆ ಮೀನಿನ ಹಸಿವನ್ನೂ ಅಡಗಿಸುತ್ತದೆ. ಮನೆಯ ನೀರು 1.025, ಅಂದರೆ ಅದಕ್ಕಿಂತ ಹೆಚ್ಚು ಉಪ್ಪು. ಮೀನು ಒಗ್ಗಲೆಂದು ಅದಿದ್ದ ನೀರಿಗೆ ಅರ್ಧ ಗಂಟೆ ಮನೆಯ ನೀರನ್ನು ಹನಿಹನಿಯಾಗಿ ಬಿಟ್ಟು, ಅದನ್ನು ನೇರ ದೊಡ್ಡ ಟ್ಯಾಂಕಿಗೆ ಇಳಿಸಿದರು. ಮೊದಲೇ ಜಾಗ ಹಿಡಿದಿದ್ದ, ಜಗಳಗಂಟ ಪುಟ್ಟ ಮೀನುಗಳಾದ ಡ್ಯಾಮ್ಸೆಲ್‌ಗಳು ಅದನ್ನು ಪಂಪಿನ ಹಿಂದಿನ ಮೂಲೆಗೆ ಅಟ್ಟಿದವು. ಹಾಕಿದ ಒಣ ಗುಳಿಗೆಯಂಥ ಪೆಲೆಟ್ ಎಲ್ಲ ಡ್ಯಾಮ್ಸೆಲ್‌ಗಳ ಪಾಲಾಯಿತು. ಕಾಪರ್‌ಬ್ಯಾಂಡ್‌ಗಂತೂ ಪೆಲೆಟ್ ಆಹಾರ ಅಂತಲೇ ಗೊತ್ತಿರುವುದಿಲ್ಲ. ಆಮೇಲೆ ಟ್ಯೂಬಿಫೆಕ್ಸ್ ಹುಳ ಹಾಕಿದರು. ಅದು ಸಿಹಿನೀರಿನ ಹುಳ, ಉಪ್ಪುನೀರಿಗೆ ಬಿದ್ದರೆ ಬೇಗ ಸತ್ತು ಮರಳಿನಲ್ಲಿ ಕೊಳೆಯುತ್ತದೆ. ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಮೀನು ದಿನವಿಡೀ ಕಲ್ಲು ಕುಟುಕುತ್ತಿದ್ದದ್ದು. ‘ತಿಂತಾ ಇದೆಯಲ್ಲ’ ಅಂದುಕೊಂಡರು. ಸಂದಿಗಳಲ್ಲಿದ್ದ ಸಣ್ಣಪುಟ್ಟ ಹುಳಗಳು ಖಾಲಿಯಾದ ಮೇಲೂ ಅದು ಬರೀ ಕಲ್ಲನ್ನೇ ಕುಟುಕುತ್ತಿತ್ತು.

ಅಂಗಡಿಯಲ್ಲಿ ನೋಡಬೇಕಾದ್ದು ಬಣ್ಣವನ್ನಲ್ಲ. ಮೀನು ನಿಮ್ಮ ಕಡೆ ತಿರುಗಿದಾಗ ನೆತ್ತಿಯ ಹಿಂದೆ, ಬೆನ್ನಿನ ಎರಡೂ ಪಕ್ಕ ನೋಡಿ. ಹೊಟ್ಟೆ ಸ್ವಲ್ಪ ಒಳಗೆ ಹೋಗಿದ್ದರೆ ಚೇತರಿಸಿಕೊಳ್ಳಬಹುದು. ಬೆನ್ನಿನ ಮಾಂಸವೇ ಕರಗಿ, ತಲೆ ಮಾತ್ರ ದಪ್ಪಗೆ ಕಾಣುತ್ತಿದ್ದರೆ ಆ ಮೀನು ಉಳಿಯುವುದು ಕಷ್ಟ. ನಿಮ್ಮ ಕಣ್ಣೆದುರೇ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಹಾಕಿಸಿ. ಬಾಯಿಗೆ ತೆಗೆದುಕೊಂಡು ಉಗುಳಿದರೆ ಅದು ತಿಂದ ಲೆಕ್ಕವಲ್ಲ, ನುಂಗಬೇಕು. ತಿನ್ನದಿದ್ದರೆ ಅಡ್ವಾನ್ಸ್ ಕೊಟ್ಟು ಒಂದು ವಾರ ಅಲ್ಲೇ ಬಿಡಿ. ಅದಕ್ಕೆ ಒಪ್ಪದ ಅಂಗಡಿಯಿಂದ ಈ ಜಾತಿಯ ಮೀನು ಬೇಡವೇ ಬೇಡ. ತಾಮ್ರ ಹಾಕಿದ್ದಾರೆಯೇ, ನೀರಿನ ಉಪ್ಪಿನ ಅಳತೆ ಎಷ್ಟು ಅಂತ ಕೇಳಿ. ಸಾಧ್ಯವಾದರೆ ನಿಮ್ಮದೇ ರಿಫ್ರ್ಯಾಕ್ಟೋಮೀಟರ್ ಒಯ್ಯಿರಿ.

ಮನೆಯಲ್ಲಿ ಬೇರೆಯೇ ಕ್ವಾರಂಟೈನ್ ಟ್ಯಾಂಕ್ ಬೇಕು. 75 ಲೀಟರ್ ಸಾಕು. ಮರಳು ಬೇಡ, ಅಡಗಲು ಪಿವಿಸಿ ಪೈಪಿನ ತುಂಡುಗಳು, ಒಂದು ಹೀಟರ್, ಮತ್ತು ದೊಡ್ಡ ಟ್ಯಾಂಕಿನ ಫಿಲ್ಟರ್ ವಿಭಾಗದಲ್ಲಿ ಮೊದಲೇ ಒಂದು ತಿಂಗಳು ಮುಳುಗಿಸಿಟ್ಟ ಸ್ಪಂಜ್ ಫಿಲ್ಟರ್. ಹೊಸ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ತಿನ್ನದೆ ಬಿಟ್ಟ ಆಹಾರ ಅಮೋನಿಯಾ ಆಗಿ ಮೀನನ್ನು ಸುಡುತ್ತದೆ. ಹೀಟರ್ ಬೆಂಗಳೂರಿನಲ್ಲಿ ಬೇಡ ಅನ್ನುವವರಿದ್ದಾರೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಚಿಕ್ಕ ಟ್ಯಾಂಕ್ ಬಹಳ ಬೇಗ ತಣ್ಣಗಾಗುತ್ತದೆ, ನೀರು 26 ಡಿಗ್ರಿಯಲ್ಲೇ ನಿಲ್ಲಬೇಕು. ಕಾವೇರಿ ನೀರಿಗೆ ಕ್ಲೋರಿನ್, ಬೋರ್‌ವೆಲ್ ನೀರಿಗೆ ಗಡಸುತನ. ಆರ್‌ಓ-ಡಿಐ ಶುದ್ಧೀಕರಣ ಯಂತ್ರ ದಾಟಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 0 ತೋರಿಸುವ ನೀರಿಗೆ ಮಾತ್ರ ಉಪ್ಪು ಬೆರೆಸಿ.

ಕ್ವಾರಂಟೈನ್ ನೀರನ್ನು ಮೊದಲೇ ಅಂಗಡಿಯ ಉಪ್ಪಿನ ಅಳತೆಗೆ ಇಳಿಸಿಡಿ. ಹಾಗಿದ್ದರೆ ಹನಿ ಬಿಡುವ ತಾಪತ್ರಯವೇ ಇಲ್ಲ. ಚೀಲವನ್ನು ಬಿಚ್ಚದೆ 15 ನಿಮಿಷ ತೇಲಿಸಿ, ಮೀನನ್ನು ಇಳಿಸಿ, ಚೀಲದ ನೀರು ಚೆಲ್ಲಿ. ದೂರದಿಂದ ಪಾರ್ಸೆಲ್ ಬಂದ ಮೀನಿಗೆ ಇದು ಇನ್ನೂ ಮುಖ್ಯ. ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಗಂಟೆಗಟ್ಟಲೆ ಹನಿ ಬಿಡುವವರು ಮೀನನ್ನು ಆ ವಿಷದಲ್ಲೇ ಕೂರಿಸಿರುತ್ತಾರೆ. ಉಪ್ಪಿನ ಅಳತೆಯನ್ನು ಆಮೇಲೆ ದಿನಕ್ಕೆ 0.001ರಿಂದ 0.002ರಷ್ಟು ಏರಿಸಿದರೆ ಸಾಕು. ಮೂರು ಬದಿಗೆ ಪೇಪರ್ ಅಂಟಿಸಿ, ಮೊದಲ ದಿನ ಲೈಟ್ ಹಾಕಬೇಡಿ.

ಮೊದಲ ಊಟ ಮರುವಾಯಿ (ಚಿಪ್ಪುಮೀನು). ಕರಾವಳಿ ಮೀನು ಮಾರುವ ಅಂಗಡಿಗಳಲ್ಲಿ ಕೇಳಿ, ಚಿಪ್ಪು ಗಟ್ಟಿಯಾಗಿ ಮುಚ್ಚಿರುವುದನ್ನೇ ಆರಿಸಿ. ಆರ್‌ಓ ನೀರಲ್ಲಿ ತೊಳೆದು ಕೆಲವು ದಿನ ಫ್ರೀಜರ್‌ನಲ್ಲಿಡಿ. ಕರಗಿದಾಗ ಚಿಪ್ಪು ಸಡಿಲವಾಗುತ್ತದೆ, ಚಾಕು ತೂರಿಸಿ ತೆರೆಯಿರಿ. ಮಾಂಸಕ್ಕೆ ನಾಲ್ಕಾರು ಗೀರು ಎಳೆದರೆ ಎಳೆಗಳು ನೀರಿನಲ್ಲಿ ಅಲುಗಾಡುತ್ತವೆ, ಮೀನನ್ನು ಕರೆಯುವುದು ಆ ಅಲುಗಾಟವೇ. ಅರ್ಧ ಚಿಪ್ಪನ್ನು ಪೈಪುಗಳ ನಡುವೆ ಸಿಕ್ಕಿಸಿ, ಕೋಣೆಯಿಂದ ಆಚೆ ಬನ್ನಿ. ಹಸಿದ ಕಾಪರ್‌ಬ್ಯಾಂಡ್ ಮೊದಲು ಎದುರಿಗೆ ನಿಂತು ಒಂದು ಕಣ್ಣಲ್ಲಿ, ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡುತ್ತದೆ, ಮೂತಿ ತಾಗಿಸಿ ಹಿಂದೆ ಸರಿಯುತ್ತದೆ, ಆಮೇಲೆ ಒಂದು ಎಳೆ ಕಿತ್ತುಕೊಳ್ಳುತ್ತದೆ. ಎರಡು ಗಂಟೆಯಾದ ಮೇಲೆ ಉಳಿದದ್ದನ್ನು ತೆಗೆಯಲೇಬೇಕು. ಮರುವಾಯಿ ಮುಟ್ಟದಿದ್ದರೆ ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಹಾಕಿ ನೋಡಿ, ಆದರೆ ದೊಡ್ಡ ಆರ್ಟೀಮಿಯಾದಲ್ಲಿ ಸತ್ವ ಕಡಿಮೆ, ಅದನ್ನೇ ನೆಚ್ಚಿ ಕೂರುವಂತಿಲ್ಲ.

ಒಂದು ಎಚ್ಚರ. ಕಿವಿರು ಜೋರಾಗಿ ಬಡಿಯುತ್ತಾ, ಮೀನು ಪಂಪಿನ ನೀರಿಗೆ ಮುಖ ಕೊಟ್ಟು ನಿಂತಿದ್ದರೆ, ಮೈಮೇಲೆ ಹಿಟ್ಟು ಉದುರಿಸಿದ ಹಾಗಿದ್ದರೆ ಅದು ವೆಲ್ವೆಟ್ ಅನ್ನೋ ಪರೋಪಜೀವಿ ರೋಗ ಇರಬಹುದು. ಆಗ ಊಟದ ಮಾತು ಆಮೇಲೆ, ತಾಮ್ರದ ಚಿಕಿತ್ಸೆ ಮೊದಲು. ಅಂಥ ಲಕ್ಷಣವೇನೂ ಇಲ್ಲದಿದ್ದರೆ, ಮೀನು ಚೆನ್ನಾಗಿ ತಿನ್ನುವವರೆಗೆ ತಾಮ್ರ ಹಾಕಬೇಡಿ. ಬಿಳಿ ದಾರದಂಥ ಮಲ ಕಂಡೊಡನೆ ಔಷಧಿ ಸುರಿಯುವವರೂ ಇದ್ದಾರೆ. ಬರೀ ಹಸಿದ ಮೀನೂ ಹಾಗೇ ಹಾಕುತ್ತದೆ.

ಮರುವಾಯಿ ಖಾಲಿ ಮಾಡಲು ಶುರುಮಾಡಿದ ಮೇಲೆ, ಅದೇ ಚಿಪ್ಪಿನಲ್ಲಿ ಮಾಂಸದ ಅಡಿಗೆ ಮೈಸಿಸ್ ತುರುಕಿ. ದಿನ ಕಳೆದಂತೆ ಮಾಂಸ ಕಡಿಮೆ, ಮೈಸಿಸ್ ಜಾಸ್ತಿ. ಕೊನೆಗೆ ಖಾಲಿ ಚಿಪ್ಪಿಗೆ ಬರೀ ಮೈಸಿಸ್ ಮೆತ್ತಿ, ಆಮೇಲೆ ಚಿಪ್ಪಿನ ಮೇಲೆ ತೇಲಿಬಿಡಿ. ದಿನಕ್ಕೆ ನಾಲ್ಕೈದು ಸಲ, ಚಿಟಿಕೆ ಚಿಟಿಕೆ. ತೇಲುವ ಮೈಸಿಸ್ಸನ್ನು ಹಿಂಬಾಲಿಸಿ ಹಿಡಿಯುವ ಮೀನನ್ನು ಮಾತ್ರ ದೊಡ್ಡ ಟ್ಯಾಂಕಿಗೆ ಕಳಿಸಿ. ಅಲ್ಲೂ ಮೊದಲ ಕೆಲವು ದಿನ ತೂತಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲೇ ಇಟ್ಟು ಊಟ ಹಾಕಿ, ಡ್ಯಾಮ್ಸೆಲ್‌ಗಳು ಪೆಟ್ಟಿಗೆಗೆ ಗುದ್ದುವುದನ್ನು ನಿಲ್ಲಿಸಿದ ಮೇಲಷ್ಟೇ ಬಾಗಿಲು ತೆಗೆಯಿರಿ.